ಒದ್ದೆ ಯಾವುದೂ ಒಳಗೆ ಹೋಗಬಾರದು

ಇಪ್ಪತ್ತೆರಡು ಹೆಂಗಸರನ್ನು ಗೇಟಿನ ಹೊರಗೆ ಸಾಲಾಗಿ ನಿಲ್ಲಿಸಿ, ಉಟ್ಟ ಬಟ್ಟೆಯ ಮೇಲೇ ಔಷಧಿ ನೀರು ಹೊಯ್ದರು. ಒಂದು ದಿನವಲ್ಲ, ಹದಿಮೂರು ದಿನ. ಹೊಯ್ಯಿಸಿದವರು ಓದಿದವರು. ಅದಕ್ಕೂ ಮುಂಚೆ ಏನಾಯಿತು ಅಂತ ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಹೆಂಗಸರೇ ಏನೋ ಮಾಡಿರಬೇಕು ಅಂತ ನೀವೂ ಅಂದುಕೊಳ್ಳುತ್ತೀರಿ. ಎಲ್ಲರೂ ಮೊದಲು ಹಾಗೇ ಅಂದುಕೊಳ್ಳುವುದು.

ಅದು ಸೋಯಾಬೀನ್ ಬೀಜ ಬೆಳೆಯುವ ಕಂಪನಿಯ ಫಾರಂ. ತಂತಿ ಬೇಲಿ, ಕಬ್ಬಿಣದ ಗೇಟು, ಗೇಟಿನ ಪಕ್ಕ ಕಾವಲುಗಾರನ ಗೂಡು, ತಗಡಿನ ಶೆಡ್ಡು. ಶೆಡ್ಡಿನ ಹಿಂದೆ ಹೊಲ. ಗಾಡಿ ದಾರಿಯೊಂದು ಅದನ್ನು ಎರಡು ಮಾಡಿತ್ತು, ಕೆಳಹೊಲ ಮತ್ತು ಮೇಲ್ಹೊಲ. ಇಲ್ಲಿ ಬೆಳೆದ ಕಾಳು ಎಣ್ಣೆ ಗಿರಣಿಗೆ ಹೋಗುವಂಥದ್ದಲ್ಲ. ಮುಂದಿನ ವರ್ಷ ಬೇರೆಯವರ ಹೊಲಕ್ಕೆ ಬೀಜವಾಗಿ ಹೋಗಬೇಕು. ಅದಕ್ಕೇ ತಪಾಸಣೆಯವರು ಬಂದು ನೋಡುತ್ತಾರೆ. ಅವರು ಸರಿ ಅಂದರೆ ಬೀಜ, ಬೇಡ ಅಂದರೆ ಬರೀ ಕಾಳು.

ಎಲೆಯಕ್ಕನಿಗೆ ಹಾಜರಿ ಪುಸ್ತಕದಲ್ಲಿ ಬೇರೆ ಏನೋ ಹೆಸರಿತ್ತು. ಕರೆಯುವಾಗ ಎಲ್ಲರ ಬಾಯಲ್ಲೂ ಎಲೆಯಕ್ಕ. ಹದಿನೆಂಟು ಹಂಗಾಮು ಅವಳು ಮಾಡಿದ ಕೆಲಸ ಒಂದೇ. ಬಗ್ಗುವುದು, ಎಲೆ ತಿರುಗಿಸಿ ಅಡಿಭಾಗ ನೋಡುವುದು, ರೋಗ ಕಂಡರೆ ಕೂಗಿ ಹೇಳುವುದು. ಸಾಲಿನ ಕೊನೆಯಲ್ಲಿ ನೆಟ್ಟಗಾಗುವಾಗ ಸೊಂಟ ಪ್ರಾಣ ತಿನ್ನುತ್ತಿತ್ತು. ಈಗೀಗ ನೆಟ್ಟಗಾಗುವುದನ್ನೇ ಬಿಟ್ಟಿದ್ದಳು. ಒಂದು ಸಾಲು ಮುಗಿದರೆ ಬಗ್ಗಿದಂತೆಯೇ ಮುಂದಿನ ಸಾಲಿಗೆ ತಿರುಗಿಬಿಡುತ್ತಿದ್ದಳು. "ನಮ್ಮತ್ತೆ ನಿದ್ದೇಲೂ ಬಗ್ಗಿಕೊಂಡೇ ಮಲಗ್ತಾರೆ" ಅಂತ ಸೊಸೆ ಉಳಿದವರನ್ನು ನಗಿಸುತ್ತಿದ್ದಳು. ಸೊಸೆಯೂ ಅಲ್ಲೇ ಕೆಲಸಕ್ಕೆ ಬರುತ್ತಿದ್ದಳು. ಅವಳಿಗೆ ಆಗ ಐದು ತಿಂಗಳು.

ಎಲೆಯಕ್ಕ ಶಾಲೆಯ ಮುಖ ನೋಡಿದವಳಲ್ಲ. ಆದರೆ ಯಾವ ಹವೆಗೆ ಯಾವ ರೋಗ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಬಿಸಿಲು ಕಾದು ನೆಲ ಬಿರಿದರೆ ಬೇರು ಕಪ್ಪಾಗಿ ಗಿಡ ನಿಂತಲ್ಲೇ ಒಣಗುತ್ತದೆ. ಮೋಡ ಕವಿದು ಇಬ್ಬನಿ ಮಧ್ಯಾಹ್ನದವರೆಗೂ ಆರದಿದ್ದರೆ ಎಲೆಯ ಅಡಿಗೆ ತುಕ್ಕು ಹಿಡಿಯುತ್ತದೆ. ಕಾಯಿ ಬಲಿತ ಮೇಲೆ ಮಳೆ ಹಿಡಿದರೆ ಕಾಳಿಗೆ ನೇರಳೆ ಕಲೆ. ಗಾಳಿ ಸಮೇತ ತಣ್ಣನೆ ಮಳೆ ಬಂತೋ, ಎಲೆಗೆ ಅಂಗಮಾರಿ. ಮೊದಲು ನೀರು ಕುಡಿದಂಥ ಚುಕ್ಕೆ, ಸುತ್ತ ಹಳದಿ, ಆಮೇಲೆ ಕಂದು, ಆಮೇಲೆ ಎಲೆ ಚಿಂದಿಚಿಂದಿ.

ಈ ಅಂಗಮಾರಿಗೆ ತನ್ನದೇ ಕಾಲಿಲ್ಲ. ಒದ್ದೆ ಎಲೆಗೆ ತಾಗಿದ ಕೈ, ತಾಗಿದ ಬಟ್ಟೆ, ತಾಗಿದ ಬೂಟು ಅದನ್ನು ಹೊತ್ತು ಮುಂದಿನ ಗಿಡಕ್ಕೆ ಮುಟ್ಟಿಸುತ್ತದೆ. ಹಳೇ ಮೇಸ್ತ್ರಿ ಇದನ್ನು ಕಂಡುಕೊಂಡಿದ್ದ. ಅವನೇ ಒಂದು ಪದ್ಧತಿ ಮಾಡಿ, ಅದನ್ನು ಎಲೆಯಕ್ಕನ ಕೈಗೆ ಕೊಟ್ಟು ಹೋಗಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಅವಳು ಒಣಗಿದ ಹತ್ತಿ ಬಟ್ಟೆಯೊಂದನ್ನು ಮೊದಲ ಸಾಲಿನ ಎಲೆಗಳ ಮೇಲೆ ಎಳೆಯುತ್ತಿದ್ದಳು. ಅದನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತಂಪು ಹತ್ತಿದರೆ ಗೇಟಿನ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದಳು. ಅದು ಅಲ್ಲಿರುವವರೆಗೆ ಯಾರೂ ಹೊಲಕ್ಕೆ ಇಳಿಯುವಂತಿಲ್ಲ. ದಾರಿಯಲ್ಲಿ ಮಳೆಗೆ ನೆನೆದು ಬಂದವರಿಗೂ ಅದೇ ಕಟ್ಟಳೆ. ಎಲೆ ಒಣಗಿದ್ದರೂ ಸರಿ, ಮೈಮೇಲಿನ ಬಟ್ಟೆ ಆರುವವರೆಗೆ ಗೇಟಿನ ಹೊರಗೇ ಕೂರಬೇಕು.

"ಬಟ್ಟೆ ಆಗಲಿ, ಆಳಾಗಲಿ, ಒದ್ದೆ ಯಾವುದೂ ಒಳಗೆ ಹೋಗಬಾರದು ನೋಡು" ಅಂತಿದ್ದ ಮೇಸ್ತ್ರಿ. ಒಮ್ಮೆ ತಾನೇ ನೆನೆದು ಬಂದು, ಎರಡು ಗಂಟೆ ಹೊತ್ತು ಹೆಂಗಸರ ಜೊತೆ ಬೇಲಿ ಪಕ್ಕ ಕೂತಿದ್ದ. ಆ ಗೌರವಕ್ಕೇ ಅವನು ಸತ್ತು ಆರು ವರ್ಷವಾದರೂ ಅವನ ಮಾತು ನಡೆಯುತ್ತಿತ್ತು.

ಆ ಹಂಗಾಮಿಗೆ ಹೊಸ ಮ್ಯಾನೇಜರ್ ಬಂದ. ಅವನು ಕೆಟ್ಟವನಲ್ಲ ಅಂತ ಹೇಳುವವರಿದ್ದಾರೆ. ಇರಲಿ. ಅವನ ಕಿವಿ ಮಾತ್ರ ಫೋನಿಗೆ ಮೀಸಲಾಗಿತ್ತು. ಮುಖ್ಯ ಕಚೇರಿಯಿಂದ ಕರೆ ಬಂದರೆ ಎದ್ದು ನಿಂತು ಮಾತಾಡುತ್ತಿದ್ದ. ಹೆಂಗಸರು ಏನಾದರೂ ಹೇಳಲು ಬಂದರೆ ಫೋನು ನೋಡುತ್ತಾ ಕೇಳುತ್ತಿದ್ದ.

ಗಿಡಗಳು ಹೂವಿಗೆ ಬಂದ ವಾರವೇ ತಣ್ಣನೆ ಮಳೆ ಹಿಡಿಯಿತು. ಅದು ಹೊಲಕ್ಕೆ ನಾಜೂಕು ಕಾಲ. ಬೆಳೆದದ್ದು ನೇರಳೆ ಹೂವಿನ ತಳಿ. ನಡುವೆ ಬಿಳಿ ಹೂ ಬಿಟ್ಟದ್ದೆಲ್ಲ ಬೆರಕೆ ಗಿಡ. ಹೂ ಉದುರುವ ಮುಂಚೆ ಗುರುತಿಸಿ ಕಿತ್ತರೆ ಉಂಟು, ಆಮೇಲೆ ಬ್ರಹ್ಮನಿಗೂ ಗೊತ್ತಾಗದು. ತಪಾಸಣೆಯ ದಿನವೂ ನಿಗದಿಯಾಗಿತ್ತು. ಮಳೆ ಸಂಜೆ ಹೊಯ್ಯುತ್ತಿತ್ತು, ಬೆಳಿಗ್ಗೆ ಬಿಡುತ್ತಿತ್ತು, ಎಲೆ ಮಾತ್ರ ಆರುತ್ತಿರಲಿಲ್ಲ. ಎಲೆಯಕ್ಕ ಎರಡು ದಿನ ಕೆಂಪು ಬಟ್ಟೆ ಬಿಚ್ಚಲಿಲ್ಲ. ಮೂರನೆಯ ದಿನ ಮ್ಯಾನೇಜರ್ ಗೇಟಿಗೆ ಬಂದ.

"ಏನಿದು, ಗೇಟಿಗೆ ಚಿಂದಿ?"

"ಎಲೆ ಒದ್ದೆ ಇದೆ ಸಾರ್. ಆರೋವರೆಗೂ ಇಳೀಬಾರದು."

"ಯಾರು ಹೇಳಿದ್ದು?"

"ಹಳೇ ಮೇಸ್ತ್ರಿ, ಸಾರ್."

"ಎಲ್ಲಿದ್ದಾನೆ ಕರಿ."

"ತೀರಿಕೊಂಡು ಆರು ವರ್ಷ ಆಯ್ತು."

ಅವನು ನಕ್ಕ. "ಸತ್ತವನ ಮಾತು ಕೇಳ್ಕೊಂಡು ಕೂತ್ರೆ ತಪಾಸಣೆಯವರು ನಿಲ್ತಾರಾ? ಕೂತು ಕೂಲಿ ತಗೊಳ್ಳೋದಕ್ಕೆ ಒಳ್ಳೆ ಉಪಾಯ ಕಂಡ್ಕೊಂಡಿದ್ದೀರಿ. ಬಿಚ್ಚು ಅದನ್ನ."

"ಈಗ ಇಳಿದ್ರೆ ರೋಗ ನಾವೇ ಹರಡಿದ ಹಾಗೆ ಸಾರ್."

"ಬಿಚ್ಚು ಅಂದೆ. ಇಲ್ಲಾ ಇಪ್ಪತ್ತೆರಡು ಜನಾನೂ ಮನೆಗೆ ಹೋಗಿ. ನಾಳೆ ಬೇರೆಯವರು ಬರ್ತಾರೆ."

ಎಲೆಯಕ್ಕ ಹಿಂದೆ ತಿರುಗಿ ನೋಡಿದಳು. ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಎಲೆಯಕ್ಕ ಕಂಬದ ಬಟ್ಟೆಗೆ ಕೈ ಹಾಕಿದಳು. ಮಳೆಗೆ ಗಂಟು ಬಿಗಿದುಕೊಂಡಿತ್ತು, ಉಗುರಿಗೆ ಸಿಗಲಿಲ್ಲ. ಕೊನೆಗೆ ಬಾಯಿ ಹಾಕಿ ಹಲ್ಲಿನಿಂದ ಎಳೆದು ಬಿಚ್ಚಿದಳು. ಮಣ್ಣು, ಬಣ್ಣ, ತುಕ್ಕು ಎಲ್ಲ ಸೇರಿದ ರುಚಿ ನಾಲಿಗೆಗೆ ಹತ್ತಿತು. ಆ ರುಚಿ ಆಮೇಲೆ ಎಷ್ಟು ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ.

ಮೂರು ಬೆಳಿಗ್ಗೆ ಅವರು ಒದ್ದೆ ಕೆಳಹೊಲದಲ್ಲಿ ನಡೆದರು. ಮೊಣಕಾಲಿನವರೆಗೆ ಲಂಗ ತೊಯ್ದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ತೋಳು ತೊಯ್ಯುತ್ತಿತ್ತು. ಬಿಳಿ ಹೂವಿನ ಗಿಡ ಕೀಳುತ್ತಾ ಎಲೆಯಕ್ಕ ತನ್ನ ಬಟ್ಟೆ ಸೋಕಿದ ಒಂದೊಂದು ಗಿಡವನ್ನೂ ನೋಡುತ್ತಿದ್ದಳು. ಗೊಣಗಮ್ಮ ಅಂತ ಒಬ್ಬಳಿದ್ದಳು, ಊಟ ಬಡಿಸಿದರೂ ಗೊಣಗುವವಳು. ಆ ಮೂರು ದಿನ ಅವಳ ಬಾಯಿಂದಲೂ ಮಾತು ಹೊರಡಲಿಲ್ಲ.

ಎಂಟನೆಯ ದಿನಕ್ಕೆ ಚುಕ್ಕೆ ಬಂತು. ಎಲ್ಲೆಂದರಲ್ಲಿ ಅಲ್ಲ, ಹೆಂಗಸರು ನಡೆದ ಸಾಲುಗಳಲ್ಲೇ, ಹಾದಿ ಹಿಡಿದು. ಕೆಳಹೊಲದಲ್ಲಿ ಇಪ್ಪತ್ತೆರಡು ಹಳದಿ ಪಟ್ಟೆ. ದಾರಿಯಲ್ಲಿ ನಿಂತು ನೋಡಿದರೆ ಯಾರು ಎಲ್ಲಿಂದ ಎಲ್ಲಿಗೆ ನಡೆದರು ಅಂತ ಹೇಳಬಹುದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಎಲೆಯಕ್ಕ ತನ್ನ ಪಟ್ಟೆಯನ್ನು ಗುರುತಿಸಿದಳು. ಎಡದಿಂದ ಏಳನೆಯದು. ಮನುಷ್ಯರನ್ನು ಕೊಂದವರಿಗೆ ಹೀಗೇ ಅನಿಸುತ್ತದೇನೋ ಅಂತ ಅವಳಿಗೆ ಅನಿಸಿತು.

ತಪಾಸಣೆಯವರು ಬಂದರು. ಬಿಳಿ ಕೂದಲಿನ ಮಿತಭಾಷಿ. ನಾಲ್ಕು ಸಾಲು ನಡೆದು, ಎಲೆ ಹಿಡಿದು ಬೆಳಕಿಗೆ ಒಡ್ಡಿ ನೋಡಿ, "ಒದ್ದೇಲಿ ಯಾರೋ ಇಳಿದಿದ್ದಾರೆ" ಅಂದರು. "ಮೇಲ್ಹೊಲ ಚೊಕ್ಕಟವಾಗಿದೆ. ಇಲ್ಲಿ ರೋಗದ ಗಿಡ ಕಿತ್ತು ಸುಡಿ. ಹದಿನೈದು ದಿನ ಬಿಟ್ಟು ಬರ್ತೀನಿ. ಮೇಲ್ಹೊಲಕ್ಕೂ ಹತ್ತಿದ್ರೆ ಪೂರ್ತಿ ರದ್ದು." ಯಾರೋ ಅಂದರೆ ಯಾರು ಅಂತ ಅವರು ಕೇಳಲಿಲ್ಲ. ಅದು ಅವರ ಕೆಲಸವಲ್ಲ.

ಅದನ್ನು ಕೇಳುವ ಕೆಲಸ ಮುಖ್ಯ ಕಚೇರಿಯದು. ಫೋನು ಬಂತು. ಮ್ಯಾನೇಜರ್ ಎದ್ದು ನಿಂತ. ಕಿಟಕಿಯಾಚೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಹೆಂಗಸರಿಗೆ ಅವನ ಮಾತು ಅರ್ಧ ಕೇಳಿಸಿತು. "ಹೌದು ಸಾರ್... ಲೇಬರ್‌ನವರೇ ಸಾರ್... ಅವರ ಮನೆ ಕಡೆ ನೀವು ನೋಡ್ಬೇಕು ಸಾರ್, ಹಂದಿ ಗೂಡು... ಬಟ್ಟೆ ಒಗೀತಾರೋ ಇಲ್ವೋ..." ಗೊಣಗಮ್ಮ ತುತ್ತನ್ನು ಬುತ್ತಿಗೇ ವಾಪಸು ಹಾಕಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೂರನೆಯ ದಿನ ಗೇಟಿನ ಹೊರಗೆ ನೀಲಿ ಡ್ರಮ್ಮು ಬಂತು. ಡ್ರಮ್ಮಿನಲ್ಲಿ ಗುಲಾಬಿ ಬಣ್ಣದ ಔಷಧಿ ನೀರು. ಕಾವಲುಗಾರನ ಗೂಡಿನ ಗೋಡೆಗೆ ಒಂದು ಹಾಳೆ ಅಂಟಿಸಿದರು. ಹೊಲದ ಕೆಲಸಗಾರರು ಒಳಗೆ ಬರುವ ಮುಂಚೆ ತಲೆಯಿಂದ ಪಾದದವರೆಗೆ ಔಷಧಿ ನೀರು ಹೊಯ್ಯಿಸಿಕೊಳ್ಳಬೇಕು. ಬೀಜದ ಶೆಡ್ಡಿಗೆ ಕಾಲಿಡಕೂಡದು. ಟ್ಯಾಂಕಿನ ನಲ್ಲಿ ಮುಟ್ಟಕೂಡದು, ಕುಡಿಯುವ ನೀರು ಮನೆಯಿಂದ ತರಬೇಕು. ಕಚೇರಿಯವರ ಬಗ್ಗೆ ಹಾಳೆಯಲ್ಲಿ ಏನೂ ಇರಲಿಲ್ಲ. ಅವರ ಕಾರು ನೆಟ್ಟಗೆ ಒಳಗೆ ಹೋಗುತ್ತಿತ್ತು. ಅವರ ಬೂಟು ನೆಟ್ಟಗೆ ಹೊಲಕ್ಕೆ ಇಳಿಯುತ್ತಿತ್ತು.

ನೀರು ಹೊಯ್ಯುವ ಕೆಲಸ ಕಾವಲುಗಾರನಿಗೆ ಬಿತ್ತು. ಅವನು ಎಲೆಯಕ್ಕನ ಮೈದುನ, ಸತ್ತ ಗಂಡನ ತಮ್ಮ. ಅಣ್ಣ ಹೋದ ಮೇಲೆ ಅವನನ್ನು ಈ ಕೆಲಸಕ್ಕೆ ಸೇರಿಸಿದವಳು ಅವಳೇ. ಮೊದಲ ದಿನ ಅವನು ಮಗ್ಗು ಹಿಡಿದು ನಿಂತ. ಕೈ ಮೇಲೇಳಲಿಲ್ಲ.

"ಅತ್ತಿಗೆ..."

"ಹೊಯ್ಯಪ್ಪ. ನೀನು ಹೊಯ್ಯದಿದ್ರೆ ಇನ್ನೊಬ್ಬ ಹೊಯ್ತಾನೆ. ನಿನ್ನ ಕೆಲಸಾನೂ ಹೋಗುತ್ತೆ."

"ಕಣ್ಣು ಮುಚ್ಕೊಳ್ಳಿ. ಉರಿಯುತ್ತೆ ಅಂದಿದ್ದಾರೆ."

ಅವಳು ಕಣ್ಣು ಮುಚ್ಚಿದಳು. ನೀರು ನೆತ್ತಿಯಿಂದ ಇಳಿದು ಕಿವಿಗೆ, ಕುತ್ತಿಗೆಗೆ, ಬೆನ್ನಿಗೆ ಹೋಯಿತು. ಒಡೆದ ಹಿಮ್ಮಡಿಗೆ ಸೇರಿದಾಗ ಕೆಂಡ ಮೆಟ್ಟಿದಂತಾಯಿತು. ಅಂಗಿ ಮೈಗೆ ಅಂಟಿತು. ಗೊಬ್ಬರದ ಲಾರಿಯ ಡ್ರೈವರುಗಳು ಟೀ ಲೋಟ ಹಿಡಿದು ನೋಡುತ್ತಾ ನಿಂತಿದ್ದರು. ಒಬ್ಬ ಸಿಳ್ಳೆ ಹಾಕಿದ. ಗೊಣಗಮ್ಮ ತಿರುಗಿ ಅವನ ತಾಯಿಯ ಹೆಸರೆತ್ತಿ ಬೈದಳು. ಅವನು ಸುಮ್ಮನಾದ, ಆದರೆ ನೋಡುವುದನ್ನು ಬಿಡಲಿಲ್ಲ. ಸೊಸೆಯ ಸರದಿ ಬಂದಾಗ ಹೆಂಗಸರು ಸುತ್ತ ಗೋಡೆಯ ಹಾಗೆ ನಿಂತರು. ಮೈದುನ ಮುಖ ಆಚೆ ತಿರುಗಿಸಿ ಹೊಯ್ದ. ಅರ್ಧ ನೀರು ನೆಲಕ್ಕೇ ಬಿತ್ತು.

"ಸರಿಯಾಗಿ ಹೊಯ್ಯಯ್ಯಾ!" ಮ್ಯಾನೇಜರ್ ಶೆಡ್ಡಿನಿಂದಲೇ ಕೂಗಿದ. "ತಲೆಗೆ! ಅಲ್ಲೇ ಇರೋದು ಎಲ್ಲಾ!"

ಆಮೇಲೆ ತೊಟ್ಟಿಕ್ಕುವ ಬಟ್ಟೆಯಲ್ಲೇ ಹೊಲಕ್ಕೆ ಅಟ್ಟಿದರು. ಮೊದಲು ಕೆಳಹೊಲದಲ್ಲಿ ರೋಗದ ಗಿಡ ಕೀಳುವುದು. ಅಲ್ಲಿಂದ ನೇರ ಮೇಲ್ಹೊಲಕ್ಕೆ ಕಳೆ ತೆಗೆಯಲು. ಎಲೆಯಕ್ಕ ಗೇಟಿನಲ್ಲೇ ನಿಂತು ಹೇಳಿದಳು, "ಸಾರ್, ಈ ಒದ್ದೆ ಬಟ್ಟೇಲಿ ರೋಗದ ಗಿಡ ಮುಟ್ಟಿ ಮೇಲ್ಹೊಲಕ್ಕೆ ಹೋಗಬಾರದು. ಬಿಸಿಲಿಗೆ ಆರಿಸ್ಕೊಂಡು ಹೋಗ್ತೀವಿ. ಒಂದು ಗಂಟೆ."

"ಔಷಧಿ ಹಾಕಿರೋ ನೀರಮ್ಮ ಅದು. ನಿನಗಿಂತ ಓದಿದವರು ಹೇಳಿದ್ದಾರೆ. ನಡಿ."

ಕೋಣನ ಮುಂದೆ ಕಿನ್ನರಿ. ನಡೆದರು.

ಅದೇ ವಾರ ಅವಳನ್ನು ಕಚೇರಿಗೆ ಕರೆಸಿದರು. ಒಳಗಲ್ಲ, ಹೊಸ್ತಿಲವರೆಗೆ. ನೆಲದ ಮೇಲೆ ಹಳೇ ಪೇಪರ್ ಹಾಸಿ ಅದರ ಮೇಲೆ ನಿಲ್ಲು ಅಂದರು. ಮೇಜಿನ ಮೇಲೆ ಕಾಗದವಿತ್ತು. ಸೊಸೆ ಎಂಟನೆಯವರೆಗೆ ಓದಿದವಳು ಅಂತ ಎಲೆಯಕ್ಕ ಅವಳನ್ನೂ ಕರೆದುಕೊಂಡು ಹೋಗಿದ್ದಳು. ಸೊಸೆ ಗಟ್ಟಿಯಾಗಿ ಓದಿದಳು.

"ಎಲೆ ಒದ್ದೆಯಿರುವಾಗ ಹೊಲಕ್ಕೆ ಇಳಿಯಬಾರದೆಂಬ ನಿಯಮ ನನಗೆ ಗೊತ್ತಿತ್ತು. ಆದರೂ ಗೇಟಿನ ಕೆಂಪು ಬಟ್ಟೆಯನ್ನು ನಾನು ನನ್ನ ಕೈಯಾರೆ ಬಿಚ್ಚಿ, ನನ್ನ ಇಚ್ಛೆಯಿಂದ ಇತರರನ್ನು ಒಳಗೆ ಕರೆದುಕೊಂಡು ಹೋದೆ. ಆದ ನಷ್ಟಕ್ಕೆ ನಾನೇ ಹೊಣೆ."

ಎಲೆಯಕ್ಕ ಕಾಗದ ನೋಡಿದಳು. ಸತ್ತವನ ಮಾತು ಅಂತ ಮ್ಯಾನೇಜರ್ ನಕ್ಕಿದ್ದ ಪದ್ಧತಿ ಈಗ ಕಾಗದದಲ್ಲಿ ನಿಯಮವಾಗಿತ್ತು. ಬಟ್ಟೆ ಬಿಚ್ಚಿದ್ದು ಅವಳ ಕೈಯೇ, ಅವಳ ಹಲ್ಲೇ. ಅಷ್ಟು ನಿಜ. ಸುಳ್ಳು ಬಂದು ಆ ನಿಜದ ಬೆನ್ನ ಮೇಲೆ ಕೂತಿತ್ತು.

"ಹೆಬ್ಬೆಟ್ಟು ಒತ್ತು" ಅಂದ ಮ್ಯಾನೇಜರ್. ದನಿ ಮೆತ್ತಗಿತ್ತು. "ನಿನಗೇನೂ ಆಗಲ್ಲ. ಕಚೇರಿಗೆ ಒಂದು ಕಾಗದ ಬೇಕು ಅಷ್ಟೇ. ಒತ್ತಿದ್ರೆ ಮುಂದಿನ ಹಂಗಾಮಿಗೂ ನೀನೇ ಎಲೆ ನೋಡ್ತೀಯ. ನಿನ್ನ ಸೊಸೆಗೆ ಹೆರಿಗೆ ಆದ್ಮೇಲೆ ಶೆಡ್ಡಲ್ಲಿ ಕೂತು ಮಾಡೋ ಕೆಲಸ ಕೊಡ್ತೀನಿ. ಒತ್ತದಿದ್ರೆ ನಿಮ್ಮಿಬ್ಬರ ಹೆಸರೂ ಹೊಡೆದು ಹಾಕ್ತೀನಿ."

"ಎರಡು ಮಾತು ಸೇರಿಸಿ ಸಾರ್. ಒತ್ತುತೀನಿ."

"ಏನು?"

"ಮ್ಯಾನೇಜರ್ ಹೇಳಿದ್ದಕ್ಕೆ ಅಂತ."

ಅವನ ಮುಖ ಕೆಂಪಾಯಿತು. "ಅದಕ್ಕೆ ಇದರಲ್ಲಿ ಜಾಗ ಇಲ್ಲ."

"ಜಾಗ ಇದೆಯಲ್ಲ ಸಾರ್, ಇಷ್ಟು" ಅಂತ ಸೊಸೆ ಕಾಗದದ ಕೆಳಗಿನ ಖಾಲಿ ಭಾಗ ಬೆರಳಲ್ಲಿ ತೋರಿಸಿದಳು. ಪಾಪ, ಅವಳು ನಿಜಕ್ಕೂ ಸಹಾಯ ಮಾಡಲೆಂದೇ ತೋರಿಸಿದ್ದು.

"ಹೊರಗೆ ನಡೀರಿ! ತಪಾಸಣೆ ದಿನದೊಳಗೆ ಒತ್ತಬೇಕು."

ಮನೆಗೆ ನಡೆಯುವಾಗ ಎಲೆಯಕ್ಕನಿಗೆ ಕೋಪ ಬರಲಿಲ್ಲ. ಆಯಾಸ ಬಂತು. ಹದಿನೆಂಟು ಹಂಗಾಮಿನದೂ ಒಟ್ಟಿಗೇ ಬಂತು. ಒತ್ತಿಬಿಡೋಣ ಅನಿಸಿತು. ಹೆಬ್ಬೆರಳೇ ತಾನೆ, ಒರೆಸಿದರೆ ಮಸಿ ಹೋಗುತ್ತದೆ. ಹುಟ್ಟುವ ಮಗುವಿಗೆ ಎರಡು ಹೊತ್ತಿನ ಅನ್ನ ಮುಖ್ಯವೋ, ತನ್ನ ಹೆಸರು ಮುಖ್ಯವೋ? ಹಾಜರಿ ಪುಸ್ತಕದ ಆ ಹೆಸರಿನಿಂದ ಯಾರೂ ಕರೆದೂ ಇಲ್ಲ. ಸೊಸೆಗೆ ಅಂದಳು, "ಒತ್ತಿಬಿಡ್ತೀನಿ ಕಣೆ. ನಂಗೆ ಸಾಕಾಗಿದೆ."

"ನಿಮ್ಮಿಷ್ಟ ಅತ್ತೆ" ಅಂದಳು ಸೊಸೆ. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು, "ಒತ್ತಿದ್ರೆ ಡ್ರಮ್ಮು ತೆಗೀತಾರಾ?"

ಎಲೆಯಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ. ಒತ್ತಿದರೆ ಡ್ರಮ್ಮು ತೆಗೆಯುವುದಿಲ್ಲ. ರೋಗ ಇವರ ಮೈಯದು ಅಂತ ಇವಳ ಹೆಬ್ಬೆಟ್ಟೇ ಸಾಕ್ಷಿ ಹೇಳಿದ ಮೇಲೆ ಡ್ರಮ್ಮು ಅಲ್ಲೇ ಇರುತ್ತದೆ, ಮುಂದಿನ ಹಂಗಾಮಿಗೂ, ಅದರ ಮುಂದಿನದಕ್ಕೂ.

ಮಳೆ ಹೋಗಿ ಬಿಸಿಲು ಬಂದಿತ್ತು. ಒಣ ಬಿಸಿಲಿಗೆ ಅಂಗಮಾರಿ ನಿಲ್ಲುತ್ತದೆ, ಹೊಸ ಚಿಗುರು ಚೊಕ್ಕಟ ಬರುತ್ತದೆ. ಕೆಳಹೊಲದಲ್ಲಿ ಹಾಗೇ ಬಂತು. ತುದಿಯ ಎಳೆ ಎಲೆಗಳು ತಿಳಿ ಹಸಿರಾಗಿ ಅರಳಿದವು. ಎಲೆಯಕ್ಕ ಒಂದನ್ನು ಕೆನ್ನೆಗೆ ಒತ್ತಿಕೊಂಡಳು. ಔಷಧಿ ಹೊಯ್ಯುವುದು ಶುರುವಾದ ಹತ್ತನೆಯ ದಿನ ಮೇಲ್ಹೊಲದಲ್ಲಿ ಬಗ್ಗಿ ಎಲೆ ತಿರುಗಿಸಿದವಳು ಹಾಗೇ ನಿಂತಳು. ನೀರು ಕುಡಿದಂಥ ಚುಕ್ಕೆ, ಸುತ್ತ ಹಳದಿ. ಪಕ್ಕದ ಗಿಡ ನೋಡಿದಳು. ಅದರ ಪಕ್ಕದ್ದು ನೋಡಿದಳು. ಕಳೆ ತೆಗೆಯಲು ನಡೆದ ಸಾಲುಗಳಲ್ಲಿ ಅಲ್ಲಲ್ಲಿ, ಲಂಗ ಸೋಕುವ ಎತ್ತರಕ್ಕೆ.

ಆ ದಿನ ಅವಳು ಕರೆಯಿಸಿಕೊಳ್ಳದೆ ಕಚೇರಿಯ ಹೊಸ್ತಿಲಿಗೆ ಹೋದಳು. ಎಲೆ ಮುಂದೆ ಹಿಡಿದಳು.

"ಸಾರ್, ಹತ್ತು ದಿನದಿಂದ ಒಂದು ಹನಿ ಮಳೆ ಇಲ್ಲ. ಬಿಸಿಲಲ್ಲಿ ಈ ರೋಗ ನಡೆಯಲ್ಲ. ಇದಕ್ಕೆ ನಮ್ಮ ಕಾಲು ಕೊಟ್ಟಿದ್ದೀರಿ. ದಿನಾ ನೆನೆಸಿ, ಅಲ್ಲಿಂದ ಇಲ್ಲಿಗೆ ನಡೆಸಿದ್ದೀರಿ. ಇನ್ನೂ ಸ್ವಲ್ಪವೇ ಇದೆ. ಒಣ ಬಟ್ಟೇಲಿ ಇಳಿದು ಎರಡು ದಿನದಲ್ಲಿ ಕಿತ್ತು ಹಾಕ್ತೀವಿ. ಡ್ರಮ್ಮು ತೆಗೆಸಿ."

ಮ್ಯಾನೇಜರ್ ಎಲೆಯನ್ನು ಮುಟ್ಟಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿದ.

"ನೋಡಿದ್ಯಾ? ಇಷ್ಟು ಔಷಧಿ ಹೊಯ್ದ್ರೂ ನಿಮ್ಮ ಮೈ ಬಿಟ್ಟು ಹೋಗಿಲ್ಲ ಅದು. ನಾಳೆಯಿಂದ ಎರಡು ಸಲ ಹೊಯ್ಯೋಕೆ ಹೇಳ್ತೀನಿ."

ಮರುದಿನ ಎರಡು ಸಲ ಹೊಯ್ದರು. ಅದರ ಮರುದಿನವೂ ಎರಡು ಸಲ. ಸೊಸೆಗೆ ನೆಗಡಿಯಾಗಿ ಜ್ವರ ಹತ್ತಿತು. ಜ್ವರದಲ್ಲೇ ಬಂದು ಸಾಲಿನಲ್ಲಿ ನಿಂತಳು.

ತಪಾಸಣೆಯ ದಿನ ಬಂತು. ತಪಾಸಣೆಯವರು ಮಧ್ಯಾಹ್ನ ಎರಡಕ್ಕೆ ಬರುವುದು. ಅಷ್ಟರೊಳಗೆ ಮೇಲ್ಹೊಲದ ರೋಗದ ಗಿಡಗಳನ್ನೆಲ್ಲ ಆರಿಸಿ ಕೀಳಬೇಕು. ಎಳೆ ಚುಕ್ಕೆ. ಗೊತ್ತಿದ್ದವರ ಕಣ್ಣಿಗೆ ಮಾತ್ರ ಕಾಣುವಂಥದ್ದು. ಇಪ್ಪತ್ತೆರಡು ಜನ ಬಗ್ಗಿದರೆ ನಾಲ್ಕು ಗಂಟೆಯ ಕೆಲಸ.

ಎಲೆಯಕ್ಕ ಎಂದಿನಂತೆ ಎಲ್ಲರಿಗಿಂತ ಮುಂಚೆ ಬಂದಳು, ಮೈದುನ ಅವಳೊಬ್ಬಳನ್ನು ಒಳಗೆ ಬಿಟ್ಟ. ಹತ್ತಿ ಬಟ್ಟೆಯನ್ನು ಮೊದಲ ಸಾಲಿನ ಮೇಲೆ ಎಳೆದಳು. ಕೆನ್ನೆಗೆ ಒತ್ತಿದಳು. ಒಣಗಿತ್ತು. ಇಬ್ಬನಿಯ ಪಸೆಯೂ ಇರಲಿಲ್ಲ. ಹೊಲಕ್ಕೆ ಇಳಿಯಲು ಇದಕ್ಕಿಂತ ಒಳ್ಳೆಯ ಬೆಳಿಗ್ಗೆ ಆ ಹಂಗಾಮಿನಲ್ಲಿ ಬಂದಿರಲಿಲ್ಲ. ಹೊರಗೆ ಬಂದು ಸಾಲಿನಲ್ಲಿ ಮೊದಲು ನಿಂತಳು. ಮೈದುನ ಹೊಯ್ದ. ಇಪ್ಪತ್ತೆರಡು ಜನಕ್ಕೂ ಹೊಯ್ದು ಮುಗಿಸಿ ಗೇಟು ತೆಗೆದ.

ಎಲೆಯಕ್ಕ ಒಳಗೆ ಹೋಗಲಿಲ್ಲ. ಮಡಿಲಿನಿಂದ ಕೆಂಪು ಬಟ್ಟೆ ತೆಗೆದಳು. ಗೇಟಿನ ಕಂಬಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಆಮೇಲೆ ಬೇಲಿಯ ಪಕ್ಕ, ಹಿಂದೊಮ್ಮೆ ಮೇಸ್ತ್ರಿ ಕೂತ ಜಾಗದಲ್ಲಿ ಕೂತಳು. ಗೊಣಗಮ್ಮ ಅವಳ ಪಕ್ಕ ಕೂತಳು. ಸೊಸೆ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಕೂರುವುದು ಅವರಿಗೆ ಗೊತ್ತಿದ್ದ ಪದ್ಧತಿಯೇ.

ಮ್ಯಾನೇಜರ್ ಓಡುತ್ತಲೇ ಬಂದ. "ಏನಿದು? ಎಲೆ ಒದ್ದೆ ಇದೆಯಾ?"

"ಇಲ್ಲ ಸಾರ್. ಚೆನ್ನಾಗಿ ಒಣಗಿದೆ."

"ಮತ್ತೆ?"

"ನಾವು ಒದ್ದೆ ಇದ್ದೀವಿ. ಒದ್ದೆ ಯಾವುದೂ ಒಳಗೆ ಹೋಗಬಾರದು. ನಿಮ್ಮ ಕಾಗದದಲ್ಲೂ ಅದನ್ನೇ ಬರೆದಿದ್ದೀರಿ, ನಿಯಮ ಅಂತ."

"ಆಟ ಆಡ್ತಿದ್ದೀಯಾ? ಎರಡು ಗಂಟೆಗೆ ಬರ್ತಾರೆ ಅವರು! ಏಳಿ ಎಲ್ಲಾ!"

ಯಾರೂ ಏಳಲಿಲ್ಲ.

"ಹಾಜರಿ ಪುಸ್ತಕದಲ್ಲಿ ಯಾರ ಹೆಸರೂ ಉಳಿಸಲ್ಲ ನಾನು!"

"ಹೊಡೆದು ಹಾಕಿ ಸಾರ್" ಅಂದಳು ಎಲೆಯಕ್ಕ. ಗಟ್ಟಿಯಾಗಿ ಹೇಳುವ ತ್ರಾಣವೂ ಅವಳಲ್ಲಿರಲಿಲ್ಲ. "ಒಂದು ಸಲ ನಿಮ್ಮ ಮಾತು ಕೇಳಿ ಬಿಚ್ಚಿದೆ. ನನ್ನ ಕೈಯಿಂದ್ಲೇ ಹೊಲ ಹಾಳಾಯ್ತು. ಇನ್ನೊಂದು ಸಲ ಬಿಚ್ಚಲ್ಲ."

ಅವನು ಕೆಂಪು ಬಟ್ಟೆಗೆ ಕೈ ಹಾಕಿದ. ಗಂಟು ಅವನ ಉಗುರಿಗೆ ಸಿಗಲಿಲ್ಲ. ಬಾಯಿ ಹಾಕಲು ಅಸಹ್ಯ. ಬಿಟ್ಟು, ತಾನೇ ಗೇಟು ದಾಟಿ ಮೇಲ್ಹೊಲಕ್ಕೆ ಇಳಿದ. ಬಗ್ಗಿದ. ಒಂದು ಗಿಡ ಕಿತ್ತ, ಇನ್ನೊಂದು ಕಿತ್ತ. ಬೇಲಿಯ ತಂತಿಯಾಚೆಯಿಂದ ಇಪ್ಪತ್ತೆರಡು ಜನ ನೋಡುತ್ತಿದ್ದರು.

"ಅಯ್ಯೋ ಅತ್ತೆ, ಅದು ಒಳ್ಳೆ ಗಿಡ" ಅಂದಳು ಸೊಸೆ.

ಎಲೆಯಕ್ಕನಿಗೆ ಕಾಣುತ್ತಿತ್ತು. ರೋಗದ ಗಿಡ ಅವನ ಬೂಟಿನ ಪಕ್ಕದಲ್ಲೇ ಇತ್ತು. ಅವನು ಬಿಸಿಲಿಗೆ ಬಾಡಿ ಹಳದಿಯಾದ ಎಲೆ ಕಂಡಲ್ಲೆಲ್ಲ ಒಳ್ಳೆಯದನ್ನೇ ಕೀಳುತ್ತಿದ್ದ. ಎದ್ದು ಹೋಗಿ, ಅದಲ್ಲ ಸಾರ್ ಇದು, ಅಂತ ತೋರಿಸಿಬಿಡೋಣ ಅಂತ ಕಾಲು ತಾನಾಗೇ ಎಳೆಯಿತು. ಹದಿನೆಂಟು ಹಂಗಾಮಿನ ಕಾಲು ಅದು. ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ಕೂತಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಬಿಸಿಲು ಏರಿತು. ಮ್ಯಾನೇಜರ್ ಸಾಲಿನ ಅರ್ಧಕ್ಕೆ ಸೊಂಟ ಹಿಡಿದು ನಿಂತ. ವಾಪಸು ಬಂದ. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಹೆಂಗಸರನ್ನು ನೋಡಿದ. ಕೂದಲು ಆರಿತ್ತು, ಅಂಗಿ ಆರಿತ್ತು, ಲಂಗದ ಅಂಚೂ ಬಿಳುಚಿತ್ತು.

"ಆರಿತಲ್ಲ ಈಗ" ಅಂದ. ದನಿಯಲ್ಲಿ ಗೆದ್ದ ಸಮಾಧಾನ. "ನಿಮ್ಮ ನಿಯಮದ ಪ್ರಕಾರಾನೇ ಒಣಗಿದ್ದೀರಿ. ಇನ್ನೂ ಮೂರು ಗಂಟೆ ಇದೆ. ಏಳಿ."

ಹೆಂಗಸರು ಎಲೆಯಕ್ಕನ ಕಡೆ ನೋಡಿದರು.

"ಆ ಕಾಗದ ಹರೀತೀರಾ ಸಾರ್? ಡ್ರಮ್ಮು ತೆಗೀತೀರಾ?"

"ಅದು ಆಮೇಲೆ ನೋಡೋಣ. ಮೊದಲು ಕೆಲಸ."

ಎಲೆಯಕ್ಕ ನೆಲಕ್ಕೆ ಕೈಯೂರಿ ಎದ್ದಳು. ಸೊಂಟ ಕೂಗಿತು. ಎಷ್ಟೋ ದಿನದ ಮೇಲೆ ಪೂರ್ತಿ ನೆಟ್ಟಗಾಗುವವರೆಗೆ ಕಾದಳು. ಮ್ಯಾನೇಜರ್ ಪಕ್ಕಕ್ಕೆ ಸರಿದು ಗೇಟಿಗೆ ದಾರಿ ಬಿಟ್ಟ. ಅವಳು ಗೇಟಿನ ಕಡೆ ಹೋಗಲಿಲ್ಲ. ನೀಲಿ ಡ್ರಮ್ಮಿನ ಮುಂದೆ ಹೋಗಿ ನಿಂತಳು. ಮೈದುನ ಅಲ್ಲೇ ಇದ್ದ.

"ಹೊಯ್ಯಪ್ಪ" ಅಂದಳು.

"ಅತ್ತಿಗೆ..."

"ಆರಿಬಿಟ್ಟೆ. ಹೊಯ್ಯಿ."

ಅವನು ಮ್ಯಾನೇಜರನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. ಮಗ್ಗು ಅದ್ದಿ, ತುಂಬ ಎತ್ತಿ, ಅವಳ ತಲೆಯ ಮೇಲೆ ಸುರಿದ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಹಿಂದೆ ಗೊಣಗಮ್ಮ ಬಂದು ನಿಂತಿದ್ದಳು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ಸೊಸೆಯೂ ಎದ್ದಳು.

"ನೀನು ಕೂತ್ಕೋ" ಅಂದಳು ಎಲೆಯಕ್ಕ. "ಜ್ವರ ಇದೆ. ನಿನ್ನ ಪಾಲಿನದೂ ನಾನೇ ನೆನೀತೀನಿ."

ಮೈದುನನ ಕಡೆ ತಿರುಗಿ ಇನ್ನೊಂದು ಮಗ್ಗು ಹೊಯ್ಯಲು ಹೇಳಿದಳು.